ಬೆವರಿಗೆ ವಾರಂಟಿ ಇಲ್ಲ

ಫಿಟ್‌ನೆಸ್ ಬ್ಯಾಂಡಿನ ಹಿಂಬದಿಯಲ್ಲಿ, ಹಸಿರು ಬೆಳಕು ಮಿನುಗುವ ಗಾಜಿನ ಪಕ್ಕ, ಸಾಸಿವೆ ಕಾಳಿನಷ್ಟು ಎರಡು ಲೋಹದ ಚುಕ್ಕೆಗಳಿರುತ್ತವೆ. ಚಾರ್ಜರ್ ಕಚ್ಚಿಕೊಳ್ಳುವುದು ಅಲ್ಲಿಗೇ. ನನ್ನ ಬ್ಯಾಂಡಿನಲ್ಲಿ ಆ ಚುಕ್ಕೆಗಳಿಗೆ ಕಿಲುಬು ಹಿಡಿಯಿತು. ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಒಂದೆರಡು ದಿನ ಚಾರ್ಜ್ ಆಗುತ್ತಿತ್ತು, ಆಮೇಲೆ ಮತ್ತೆ ಅದೇ ಪಾಡು. ಒಂದು ವರ್ಷದ ವಾರಂಟಿ ಇನ್ನೂ ಮುಗಿದಿರಲಿಲ್ಲ.

ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಕಟ್ಟಿಕೊಂಡ ಬ್ಯಾಂಡ್ ಅದು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ರಾತ್ರಿ ಊಟವಾದ ಮೇಲೆ ನಮ್ಮ ಬೀದಿಯಲ್ಲಿ ನಡೆಯುತ್ತಿದ್ದೆ. ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ತಿಂಗಳಿಂದ ತಿಂಗಳಿಗೆ ಇಳಿಯುವುದನ್ನು ಕಂಡಾಗ ನಡೆಯುವ ಹುಮ್ಮಸ್ಸು ಹೆಚ್ಚುತ್ತಿತ್ತು. ಹಾಗಾಗಿ ಅದು ಕೆಟ್ಟಾಗ ಸುಮ್ಮನೆ ಡ್ರಾಯರಿಗೆ ಎಸೆಯಲು ಮನಸ್ಸು ಬರಲಿಲ್ಲ.

ಕಂಪನಿಯ ಚಾಟ್‌ನಲ್ಲಿ ಪ್ರತಿ ಸಲವೂ ಹೊಸಬರೊಬ್ಬರು ಬರುತ್ತಿದ್ದರು. ಬಿಲ್ ಕಳಿಸಿ, ಸೀರಿಯಲ್ ನಂಬರ್ ಕೊಡಿ, ಫೋಟೊ ತೆಗೆಯಿರಿ ಎಂದು ಮೊದಲಿನಿಂದ ಶುರು. ಏನೂ ಆಗದಿದ್ದರೂ ದೂರು ಬಗೆಹರಿದಿದೆ ಎಂಬ ಮೆಸೇಜ್ ಮಾತ್ರ ತಪ್ಪದೆ ಬರುತ್ತಿತ್ತು. ಮೈಸೂರಿನಲ್ಲೇ ಅಧಿಕೃತ ಸರ್ವಿಸ್ ಸೆಂಟರ್ ಇದೆ ಎಂದು ವಿಳಾಸ ಕೊಟ್ಟರು. ಹೋದರೆ ಅದೊಂದು ಮೊಬೈಲ್ ರಿಪೇರಿ ಅಂಗಡಿ. ‘ಮೇಡಂ, ನಾವು ಬರೀ ಇಸ್ಕೊಂಡು ಬೆಂಗಳೂರಿಗೆ ಕಳಿಸೋರು. ಅಲ್ಲಿ ಏನಂತಾರೋ ಅದೇ ಫೈನಲ್’ ಎಂದ ಅಲ್ಲಿದ್ದ ಹುಡುಗ. ಬೆಂಗಳೂರಿನಿಂದ ಬಂದ ಉತ್ತರ: ತೇವದಿಂದ ಹಾಳಾಗಿದೆ, ವಾರಂಟಿ ಅನ್ವಯಿಸುವುದಿಲ್ಲ.

ನನಗೆ ತಡೆಯಲಾಗದ ಸಿಟ್ಟು ಬಂದದ್ದು ಆಗ. ಡಬ್ಬಿಯ ಮೇಲೆ ಈಜುವವರ ಚಿತ್ರ, 5 ಎಟಿಎಂ ಎಂಬ ಮುದ್ರೆ. ಐವತ್ತು ಮೀಟರ್ ಆಳದ ನಿಂತ ನೀರಿನಷ್ಟು ಒತ್ತಡವನ್ನು ತಡೆಯುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಪರೀಕ್ಷೆಗೆ ಬೆವರಿನ ಉಪ್ಪಿನ ಲೆಕ್ಕವಿಲ್ಲ. ಚರ್ಮಕ್ಕೆ ಅಂಟಿಕೊಂಡ ಲೋಹ, ಉಪ್ಪು, ಚಾರ್ಜಿಂಗಿನ ವಿದ್ಯುತ್ತು ಸೇರಿದರೆ ಕಿಲುಬು ಕಟ್ಟುತ್ತದೆಂದು ತಯಾರಿಸುವವರಿಗೆ ಗೊತ್ತಿರಲೇಬೇಕು. ಬೆವರು ಸುರಿಸುವಾಗ ಕಟ್ಟಿಕೊಳ್ಳಲೆಂದೇ ಮಾರಿದ ವಸ್ತು ಬೆವರಿನಿಂದ ಕೆಟ್ಟರೆ ಅದು ತಯಾರಿಕೆಯ ದೋಷವಲ್ಲದೆ ಬೇರೇನು?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅದು ನ್ಯಾಯಾಲಯವಲ್ಲ, ದೂರನ್ನು ದಾಖಲಿಸಿಕೊಂಡು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ನನಗೆ ಆ ಮೆಟ್ಟಿಲು ಹತ್ತುವ ಪ್ರಮೇಯ ಬರಲಿಲ್ಲ. ಅಷ್ಟು ಕಾಲ ಕೇಳಿಸಿಕೊಳ್ಳದ ಕಂಪನಿಯವರೇ ಫೋನ್ ಮಾಡಿ ಬದಲಿ ಬ್ಯಾಂಡ್ ಕಳಿಸಿದರು. ಆದರೆ ಸರ್ಕಾರದ ಕಡೆಯಿಂದ ಪತ್ರ ಹೋದರೆ ಮಾತ್ರ ಬಾಯಿ ಬಿಡುವವರ ಜೊತೆ ಮುಂದುವರಿಯುವುದು ನನಗೆ ಬೇಡವಾಗಿತ್ತು.

ಹೊಸದನ್ನು ಕೊಳ್ಳುವ ಮೊದಲು ಮನಸ್ಸಿನಲ್ಲಿದ್ದ ಕಂಪನಿಗಳಿಗೆಲ್ಲ ಒಂದೇ ಪತ್ರ ಬರೆದೆ. ಚಾರ್ಜಿಂಗ್ ಪಿನ್ನಿಗೆ ಕಿಲುಬು ಹಿಡಿದರೆ ವಾರಂಟಿ ಇದೆಯೇ? ಕೇಬಲ್ ಬಿಡಿಯಾಗಿ ಸಿಗುತ್ತದೆಯೇ? ನನ್ನ ದಾಖಲೆಗಳನ್ನು ಫೈಲಾಗಿ ಇಳಿಸಿಕೊಳ್ಳಬಹುದೇ? ಕೆಲವರು ಜಾಹೀರಾತಿನ ಕೊಂಡಿ ಕಳಿಸಿದರು. ಒಂದು ಕಂಪನಿ ಮಾತ್ರ ಕೇಳಿದ ಮೂರಕ್ಕೂ ಉತ್ತರ ಬರೆಯಿತು. ಅವರ ಸರ್ವಿಸ್ ಸೆಂಟರಿಗೆ ಹೋಗಿ ಕಾಯುತ್ತಿದ್ದವರನ್ನು ಮಾತಾಡಿಸಿ ಬಂದೆ. ಬೆಲೆ ತುಸು ಜಾಸ್ತಿಯಾದರೂ ಅದನ್ನೇ ಕೊಂಡೆ. ಅದರ ಪಟ್ಟಿ 20 ಮಿಲಿಮೀಟರ್ ಅಗಲದ್ದು, ಯಾವ ವಾಚ್ ಅಂಗಡಿಯಲ್ಲೂ ಸಿಗುವಂಥದ್ದು.

ಕಂಪನಿ ಕಳಿಸಿದ ಬದಲಿ ಬ್ಯಾಂಡ್ ಒಂದು ಕೈಗೆ, ಹೊಸದು ಇನ್ನೊಂದು ಕೈಗೆ ಕಟ್ಟಿಕೊಂಡು ಕೆಲಕಾಲ ನಡೆದೆ. ಹೆಜ್ಜೆಗಳ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ, ನಿದ್ರೆಯದಂತೂ ತೀರಾ ಬೇರೆ. ಕೈಯ ಅಲುಗಾಟವನ್ನು ಹೆಜ್ಜೆಯಾಗಿ, ಹಸಿರು ಬೆಳಕಿನಲ್ಲಿ ಕಂಡ ರಕ್ತದ ಏರಿಳಿತವನ್ನು ನಾಡಿಬಡಿತವಾಗಿ ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾನೇ ಎಣಿಸಿದಾಗ, ಕುಳಿತಿದ್ದ ಹೊತ್ತಿನ ನಾಡಿಬಡಿತವನ್ನು ಎರಡೂ ಸರಿಯಾಗಿಯೇ ತೋರಿಸುತ್ತಿದ್ದವು. ಆದರೆ ಹೆಜ್ಜೆ, ನಿದ್ರೆಗಳ ಲೆಕ್ಕ ತಾಳೆಯಾಗದ್ದರಿಂದ ಹಳೆಯ ಅಂಕಿಗಳ ಮುಂದುವರಿಕೆಯಾಗಿ ಹೊಸದನ್ನು ಬರೆಯದೆ, ಡೈರಿಯಲ್ಲಿ ಗೆರೆ ಎಳೆದು ಹೊಸ ಲೆಕ್ಕ ಆರಂಭಿಸಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನೂ ಕೈಬಿಟ್ಟೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಪ್ರಚಾರವಾದ ಸಂಖ್ಯೆಯದು, ವೈದ್ಯರು ನಿಗದಿ ಮಾಡಿದ್ದಲ್ಲ.

ಹಳೆಯ ಖಾತೆ ಮುಚ್ಚುವ ಮುಂಚೆ ದಾಖಲೆಗಳನ್ನೆಲ್ಲ ಇಳಿಸಿಕೊಂಡೆ, ಹೊಸದರಲ್ಲೂ ತಿಂಗಳಿಗೊಮ್ಮೆ ಇಳಿಸಿಕೊಳ್ಳುತ್ತೇನೆ. ಪೆಬಲ್ ಎಂಬ ವಾಚ್ ಕಂಪನಿ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ತಂತ್ರಾಂಶ ಫಿಟ್‌ಬಿಟ್ ಪಾಲಾಯಿತು, 2021ರಲ್ಲಿ ಫಿಟ್‌ಬಿಟ್ಟೇ ಗೂಗಲ್ ವಶವಾಯಿತು. ಇಷ್ಟು ಬೇಗ ಕೈ ಬದಲಾಗುವವರ ಬಳಿ ನನ್ನ ಹೃದಯದ ಲೆಕ್ಕದ ಒಂದೇ ಪ್ರತಿಯನ್ನು ಬಿಟ್ಟಿರಲು ನನಗೆ ಧೈರ್ಯವಿಲ್ಲ.

ಹೊಸದರಲ್ಲೂ ಕೊರತೆಯಿದೆ. ಸ್ಕೂಟರಿನಲ್ಲಿ ಗುಂಡಿ ಬಿದ್ದ ರಸ್ತೆ ದಾಟಿದರೆ ಅದನ್ನೂ ಹೆಜ್ಜೆಯೆಂದು ಎಣಿಸುತ್ತದೆ. ಕಂಪನಿಗೆ ಬರೆದೆ. ಈ ಮಾಡೆಲ್‌ನಲ್ಲಿ ಅದನ್ನು ಸರಿಪಡಿಸಲು ಆಗುವುದಿಲ್ಲ, ಸವಾರಿಯ ಹೊತ್ತಿನಲ್ಲಿ ಬಿಚ್ಚಿಡಿ ಎಂದು ಮಾರನೆಯ ದಿನವೇ ಉತ್ತರ ಬಂತು. ಈಗ ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ಸ್ಕೂಟರ್ ಹತ್ತುತ್ತೇನೆ.