ಮೈಸೂರು ನೋಡಿ ಬಂದೆವು

ಹೋದ ವರ್ಷ ಮಗನನ್ನು ಕರಕೊಂಡು ಮೈಸೂರು ಮೃಗಾಲಯಕ್ಕೆ ಹೋದೆ. ಬಾಗಿಲು ಹಾಕಿತ್ತು. "ಮಂಗಳವಾರ ರಜೆ ಅಂತ ಬರೆದೈತಲ್ಲವ್ವ" ಅಂದರು ಯಾರೋ. ಬೋರ್ಡು ಎದುರಿಗೇ ಇತ್ತು. ನನಗೆ ಓದಲು ಬರುತ್ತಿರಲಿಲ್ಲ. ಮಗ ದಾರಿಯುದ್ದಕ್ಕೂ ಅತ್ತ.

ಈ ಸಲ ಭಾನುವಾರ ಹೊರಟೆವು. ಪಕ್ಕದ ಮನೆ ಅಕ್ಕನೂ ಬಂದಳು. ಬಸ್ಸಿನ ಬೋರ್ಡು ನಾನೇ ಓದಿದೆ. ಮಗ ಆನೆ ನೋಡಿದ, ಜಿರಾಫೆ ನೋಡಿದ. ಹೋಟೆಲಿನಲ್ಲಿ ಮೊದಲು ಬೆಲೆಪಟ್ಟಿ ಓದಿ, ಆಮೇಲೆ ಮಸಾಲೆ ದೋಸೆ ತರಿಸಿದೆವು. ಅಕ್ಕ ಬಿಲ್ಲು ಕೂಡಿ ನೋಡಿದಳು. ಸರಿಯಿತ್ತು.

ಅಲ್ಲಿಂದ ಅರಮನೆಗೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದನ್ನು 1912ರಲ್ಲಿ ಕಟ್ಟಿ ಮುಗಿಸಿದರು. ಒಳಗೆ ಚಪ್ಪಲಿ ಹಾಕುವಂತಿಲ್ಲ. ನೀವೂ ಭಾನುವಾರವೇ ಹೋಗಿ, ಸಂಜೆತನಕ ಇರಿ. ಏಳು ಗಂಟೆಗೆ ಅರಮನೆಗೆಲ್ಲ ದೀಪ ಹಾಕುತ್ತಾರೆ. ಮಗ ನನ್ನ ಸೆರಗು ಬಿಟ್ಟು ನಿಂತು ನೋಡಿದ.