ಕೋಳಿಮರಿಗೆ ಏನು ತಿನ್ನಿಸೋಣ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಸಂಘದಲ್ಲಿ ಸಾಲ ತೆಗೆದರು. 20 ಗಿರಿರಾಜ ಮರಿ ತಂದರು. ಹಬ್ಬಕ್ಕೆ ಮಾರಿ ಸಾಲ ತೀರಿಸಬೇಕು ಅಂತ ಅವರ ಆಸೆ.

ಮರಿಗಳಿಗೆ ಬರೀ ರಾಗಿ, ಅನ್ನ ಹಾಕಿದರು. ಮರಿ ಬೆಳೆಯಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಹಳೇ ಕಡಲೆಕಾಯಿ ಹಿಂಡಿ ಹಾಕಿದರು. ಅದಕ್ಕೆ ಬೂಷ್ಟು ಬಂದಿತ್ತು. ವಾರದಲ್ಲಿ 11 ಮರಿ ಸತ್ತವು. "ದೃಷ್ಟಿ ತಾಕಿದೆ" ಅಂದರು ಕೆಲವರು. ಪಶುವೈದ್ಯರು ಬಂದು ನೋಡಿದರು. "ದೃಷ್ಟಿ ಅಲ್ಲಮ್ಮ, ಇದು ಬೂಷ್ಟಿನ ವಿಷ" ಅಂದರು.

ಹಾಗಾದರೆ ನಾವು ಏನು ಮಾಡಬೇಕು?

ಮರಿ ತಂದ ದಿನ ಮೊದಲು ನೀರು ಕುಡಿಸೋಣ. ಕಾಗದ ಹಾಸಿ, ಮುಸುಕಿನ ಜೋಳದ ರವೆ ಚೆಲ್ಲೋಣ. ಮರಿ ಕುಕ್ಕಿ ತಿನ್ನುವುದನ್ನು ಕಲಿಯುತ್ತದೆ.

ಮಾರನೇ ದಿನದಿಂದ 6 ವಾರ ಮರಿ ಆಹಾರ ಕೊಡೋಣ. ಅಂಗಡಿಯಲ್ಲಿ ಇದಕ್ಕೆ ಸ್ಟಾರ್ಟರ್ ಅಂತಾರೆ. ಮಕ್ಕಳು ಬೆಳೆಯಲು ಬೇಳೆ, ಹಾಲು ಬೇಕಲ್ಲವೇ? ಮರಿಗೂ ಮೈ ತುಂಬಲು ಪ್ರೋಟೀನ್ ಬೇಕು. 100 ಕಿಲೋ ಮರಿ ಆಹಾರದಲ್ಲಿ ಸುಮಾರು 20 ಕಿಲೋ ಪ್ರೋಟೀನ್ ಇರುತ್ತದೆ. 100 ಕಿಲೋ ರಾಗಿಯಲ್ಲಿ ಇರುವುದು ಸುಮಾರು 7 ಕಿಲೋ ಮಾತ್ರ. ಬರೀ ರಾಗಿ ಸಾಲದು.

6 ವಾರ ಆದ ಮೇಲೆ ಮನೆಯಲ್ಲೇ ಆಹಾರ ಬೆರೆಸಬಹುದು. 10 ಕಿಲೋ ಆಹಾರಕ್ಕೆ:

ಮುಸುಕಿನ ಜೋಳದ ನುಚ್ಚು – 5 ಕಿಲೋ
ರಾಗಿ – 1 ಕಿಲೋ
ತೌಡು – 1 ಕಿಲೋ
ಕಡಲೆಕಾಯಿ ಹಿಂಡಿ – ಎರಡೂ ಮುಕ್ಕಾಲು ಕಿಲೋ
ಖನಿಜ ಮಿಶ್ರಣ – ಕಾಲು ಕಿಲೋ

ಹಿತ್ತಲಲ್ಲಿ ಮೇಯಲು ಬಿಟ್ಟರೆ ಹುಳು, ಗೆದ್ದಲು, ಸೊಪ್ಪು ಸಿಗುತ್ತದೆ. ಖರ್ಚು ಉಳಿಯುತ್ತದೆ.

ಚೀಲ ಕೊಳ್ಳುವಾಗ ಓದಿ ನೋಡೋಣ. ಮೊಟ್ಟೆ ಕೋಳಿಯ ಆಹಾರ ಬೇಡ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಬೆಳೆಯುವ ಮರಿಯ ಮೂತ್ರಪಿಂಡ ಕೆಡುತ್ತದೆ. ತಯಾರಿಸಿದ ತಾರೀಕನ್ನೂ ನೋಡೋಣ. ಚೀಲವನ್ನು ನೆಲದ ಮೇಲೆ ಇಡದೆ ಹಲಗೆ ಮೇಲೆ ಇಡೋಣ. ತೇವ ತಾಗಬಾರದು. ಬೂಷ್ಟು ಬಂದ ಕಾಳನ್ನು ತೊಳೆದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಅದನ್ನು ಹಸುವಿಗೂ ಹಾಕಬಾರದು, ನಾವೂ ತಿನ್ನಬಾರದು.

ಶುದ್ಧ ನೀರು ಸದಾ ಇರಲಿ. ತಿನ್ನುವ ಆಹಾರದ ಎರಡರಷ್ಟು ನೀರು ಕೋಳಿಗೆ ಬೇಕು. ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಮರೆಯಬಾರದು.

ಆ ಅಕ್ಕ ಮತ್ತೆ 10 ಮರಿ ತಂದರು. ಅಂಗಡಿಯಲ್ಲಿ ಚೀಲದ ತಾರೀಕು ಓದಿದರು. "ಇದು ಹಳೇದು, ಬೇರೆ ಕೊಡಪ್ಪ" ಅಂದರು. ಅಂಗಡಿಯವನು ಒಳಗಿಂದ ಹೊಸ ಚೀಲ ತಂದ. ಈ ಸಲ ಹತ್ತೂ ಮರಿ ಬದುಕಿದವು. ಸಾಲದ ಒಂದು ಕಂತು ತೀರಿತು.

ಉತ್ತರ ಬರೆಯಿರಿ
1. ಮರಿಗಳು ಯಾಕೆ ಸತ್ತವು?
2. 20 ಕಿಲೋ ಆಹಾರಕ್ಕೆ ಹಿಂಡಿ ಎಷ್ಟು ಬೇಕು?
3. ಚೀಲದ ಮೇಲೆ ನಾವು ಏನೇನು ಓದಬೇಕು?