ಒಂದೇ ಮೇಜು, ನಾಲ್ಕು ದಾರಿ

ಭಾನುವಾರ ಬೆಳಗ್ಗೆ ಬಲಿಪೂಜೆ, ಮಧ್ಯಾಹ್ನ ಮನೆಯಲ್ಲಿ ಊಟ, ಆಮೇಲೆ ಹೊರಗೆ ಒಂದು ಸುತ್ತು. ಬಜಪೆಯ ಯುವ ಕುಟುಂಬಗಳಲ್ಲಿ ಇದು ಈಗ ರೂಢಿಯಾಗಿದೆ. ಮರವೂರು ಸೇತುವೆ ದಾಟಿ ಕಾವೂರಿನ ದಾರಿಯಾಗಿ ಪಣಂಬೂರಿನ ಕಡಲ ತೀರಕ್ಕೋ, ಪಿಲಿಕುಳಕ್ಕೋ ಹೋಗುತ್ತಾರೆ. ಕತ್ತಲಾದ ಮೇಲೆ ಮಂಗಳೂರು ಪೇಟೆಯ ಯಾವುದಾದರೂ ಹೋಟೆಲಿನಲ್ಲಿ ಊಟ, ಕೊನೆಗೆ ಮಕ್ಕಳಿಗೆ ಐಸ್‌ಕ್ರೀಮ್.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಎಂದು ಹಿರಿಯರು ಕೇಳುವುದುಂಟು. ಅವರ ಕಾಲದಲ್ಲಿ ಪೇಟೆಗೆ ಹೋಗುವುದೆಂದರೆ ಮದುವೆಯ ಜವಳಿಗೆ, ಆಸ್ಪತ್ರೆಗೆ ಅಥವಾ ಕಚೇರಿಯ ಕೆಲಸಕ್ಕೆ. ಕೆಲಸ ಮುಗಿದ ಮೇಲೆ ಒಂದು ಮಸಾಲೆ ದೋಸೆ ಸಿಕ್ಕಿದರೆ ಮಕ್ಕಳು ಅದನ್ನು ತಿಂಗಳುಗಟ್ಟಲೆ ನೆನೆಯುತ್ತಿದ್ದರು. ಮಂಗಳೂರಿನಲ್ಲಿ ಐಡಿಯಲ್ ಐಸ್‌ಕ್ರೀಮ್ ಪಾರ್ಲರ್ ಆರಂಭವಾದದ್ದೇ 1975ರಲ್ಲಿ.

ಹಾಗೆಂದು ಹೊರಗೆ ಹೋಗುವುದು ತಪ್ಪಲ್ಲ. ವಾರವೆಲ್ಲ ಒಲೆಯ ಮುಂದೆ ನಿಂತ ತಾಯಿಗೆ ಒಂದು ಹೊತ್ತಿನ ಬಿಡುವು ಬೇಕು. ಮಕ್ಕಳು ಕಡಲಿನಲ್ಲಿ ಕಾಲು ತೋಯಿಸಿಕೊಂಡು ನಗಬೇಕು. ಆದರೆ ಮುಂದಿನ ಸಲ ಹೋಟೆಲಿನಲ್ಲಿ ಕುಳಿತಾಗ ಒಮ್ಮೆ ಸುತ್ತ ನೋಡಿರಿ. ತಂದೆ ಮೊಬೈಲಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದಾನೆ. ತಾಯಿ ತಟ್ಟೆಯ ಫೋಟೋ ತೆಗೆಯುತ್ತಿದ್ದಾಳೆ. ದೊಡ್ಡ ಮಗ ಆಟದಲ್ಲಿ ಮುಳುಗಿದ್ದಾನೆ. ಚಿಕ್ಕವಳು ಕಾರ್ಟೂನ್ ನೋಡುತ್ತಾ, ಏನು ತಿನ್ನುತ್ತಿದ್ದೇನೆಂದು ತಿಳಿಯದೆ ಬಾಯಿ ತೆರೆಯುತ್ತಿದ್ದಾಳೆ. ಕುಳಿತದ್ದು ಒಂದೇ ಮೇಜಿಗೆ, ಹೋಗುತ್ತಿರುವುದು ನಾಲ್ಕು ದಾರಿಗೆ. ನೀರುದೋಸೆ ತಣ್ಣಗಾಗುತ್ತಿದೆ.

ಗುಂಪಿನಲ್ಲಿ ಕಳೆದುಹೋದ ಮಗ

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಒಂದು ಕುಟುಂಬದ ಪ್ರಯಾಣದ ಕಥೆಯಿದೆ. ಮರಿಯಾ ಮತ್ತು ಜೋಸೆಫ್ ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು. ಯೇಸುವಿಗೆ ಹನ್ನೆರಡು ವರ್ಷವಾದಾಗ ಹಬ್ಬ ಮುಗಿಸಿ ಹಿಂದಿರುಗುವಾಗ ಬಾಲಕ ಅಲ್ಲೇ ಉಳಿದುಬಿಟ್ಟ. ತಂದೆತಾಯಿಗೆ ಅದು ತಿಳಿಯಲಿಲ್ಲ. ಅವನು ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇರಬೇಕೆಂದುಕೊಂಡು ಒಂದು ದಿನದ ದಾರಿ ನಡೆದರು. ಆಮೇಲೆ ನೆಂಟರಿಷ್ಟರ ನಡುವೆ ಹುಡುಕಿದರು, ಕಾಣದೆ ಜೆರುಸಲೇಮಿಗೆ ಮರಳಿದರು. ಮೂರು ದಿನಗಳ ನಂತರ ದೇವಾಲಯದಲ್ಲಿ ಕಂಡರು.

ಈ ಕಥೆಯಲ್ಲಿ ಪ್ರೀತಿಯಿಲ್ಲದ ತಂದೆತಾಯಿ ಇಲ್ಲ. ‘ಜೊತೆಯಲ್ಲೇ ಇದ್ದಾನೆ’ ಎಂಬ ನಂಬಿಕೆಯಿಂದ ಅವರು ಮುಂದೆ ನಡೆದರು. ಪವಿತ್ರ ಕುಟುಂಬಕ್ಕೇ ಹೀಗಾಗಬಹುದಾದರೆ ನಮಗೆ ಆಗದೇ? ಮಗ ಹಿಂದಿನ ಸೀಟಿನಲ್ಲಿದ್ದಾನೆ, ಹೆಂಡತಿ ಎದುರಿನ ಕುರ್ಚಿಯಲ್ಲಿದ್ದಾಳೆ, ಆದ್ದರಿಂದ ಎಲ್ಲರೂ ಜೊತೆಗಿದ್ದೇವೆ ಎಂದುಕೊಳ್ಳುತ್ತೇವೆ. ಶಾಲೆಯಲ್ಲಿ ಮಗನಿಗೆ ಆದ ಅವಮಾನ, ಹೆಂಡತಿ ಹೇಳಲಾಗದೆ ನುಂಗಿದ ನೋವು ನಮಗೆ ತಿಳಿಯುವ ಹೊತ್ತಿಗೆ ಒಂದು ದಿನದ ದಾರಿ ಸಾಗಿಹೋಗಿರುತ್ತದೆ.

ಕಥೆ ಮುಗಿಯುವುದು ಜೆರುಸಲೇಮಿನಲ್ಲಲ್ಲ. ಯೇಸು ಅವರೊಡನೆ ನಜರೇತಿಗೆ ಬಂದು ಅವರಿಗೆ ವಿಧೇಯನಾಗಿದ್ದ. ಹಬ್ಬ ವರ್ಷಕ್ಕೊಮ್ಮೆ, ಉಳಿದದ್ದೆಲ್ಲ ನಜರೇತಿನ ದಿನನಿತ್ಯದ ಬದುಕು. 1964ರ ಜನವರಿ 5ರಂದು ನಜರೇತಿಗೆ ಹೋಗಿದ್ದ ಪೋಪ್ 6ನೇ ಪೌಲರು ಆ ಮನೆಯಿಂದ ಮೂರು ಪಾಠ ಕಲಿಯಬಹುದೆಂದರು: ಮೌನ, ಕುಟುಂಬ ಜೀವನ, ದುಡಿಮೆ.

ಹೋಗಿಬರುವವರ ಊರು

ಬಜಪೆಯವರಿಗೆ ಈ ಪಾಠ ಇನ್ನೂ ಹತ್ತಿರದ್ದು. 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಪ್ರಧಾನಿ ಜವಾಹರಲಾಲ್ ನೆಹರೂ ಬಂದಿಳಿದು ಇಲ್ಲಿನ ವಿಮಾನ ನಿಲ್ದಾಣ ಆರಂಭವಾಯಿತು. 2006ರಲ್ಲಿ ದುಬೈಗೆ ನೇರ ವಿಮಾನ ಸಂಚಾರ ತೊಡಗಿತು. ಅಂದಿನಿಂದ ಗಲ್ಫ್ ನಮ್ಮ ಮನೆಯಂಗಳಕ್ಕೆ ಬಂದಂತಾಯಿತು. ಆದರೂ ಹೋಗುವ ದಿನದ ಕಣ್ಣೀರು ಕಡಿಮೆಯಾಗಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು. ರಜೆಗೆಂದು ಮನೆಗೆ ಬರುತ್ತಿದ್ದವರೂ ಅವರಲ್ಲಿದ್ದರು. ಜೊತೆಗಿರುವ ದಿನಗಳ ಬೆಲೆಯನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರದೇಶದಲ್ಲಿ ದುಡಿಯುವ ತಂದೆ ಒಂದು ತಿಂಗಳ ರಜೆಗೆ ಬಂದಾಗ ಏನಾಗುತ್ತದೆ? ನೆಂಟರ ಮನೆ, ಮದುವೆ, ಪ್ರವಾಸ, ದಿನ ಬಿಟ್ಟು ದಿನ ಹೋಟೆಲು. ವರ್ಷವೆಲ್ಲ ಕೊಡಲಾಗದ್ದನ್ನು ಮೂವತ್ತು ದಿನಗಳಲ್ಲಿ ಕೊಟ್ಟು ಮುಗಿಸುವ ಆತುರ. ಆತನ ಪ್ರೀತಿ ದೊಡ್ಡದೇ. ಆದರೆ ಮಗುವಿನ ಮನಸ್ಸಿನಲ್ಲಿ ಅಪ್ಪನೆಂದರೆ ಸೂಟ್‌ಕೇಸು, ಚಾಕಲೇಟು, ಚಿಕನ್ ಎಂದಾಗಬಾರದು. ಬೆಳಗ್ಗೆ ಶಾಲೆಯ ಬಸ್ಸಿಗೆ ಬಿಟ್ಟುಬಂದ ಅಪ್ಪ, ಲೆಕ್ಕ ಹೇಳಿಕೊಟ್ಟ ಅಪ್ಪ, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕುಳಿತ ಅಪ್ಪ ಹೆಚ್ಚು ದಿನ ನೆನಪಿನಲ್ಲಿರುತ್ತಾನೆ.

ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಪ್ರೀತಿಯ ಬಗ್ಗೆ ಹೊರಡಿಸಿದ ‘ಅಮೋರಿಸ್ ಲೆತಿತಿಯ’ ಎಂಬ ಪತ್ರದ 278ನೇ ಪರಿಚ್ಛೇದದಲ್ಲಿ, ಊಟದ ಹೊತ್ತಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಮುಳುಗಿರುವ ಮನೆಗಳನ್ನು ಕುರಿತು ಎಚ್ಚರಿಸಿದ್ದಾರೆ. ಆದರೆ ಮೊಬೈಲನ್ನೇ ದೂರಿ ಫಲವಿಲ್ಲ. ದೂರದ ಅಪ್ಪನನ್ನು ನಮ್ಮ ಊಟದ ಮೇಜಿಗೆ ತಂದು ಕೂರಿಸುವುದೂ ಅದೇ, ಮೇಜಿನಲ್ಲಿ ಕುಳಿತ ಅಪ್ಪನನ್ನು ದೂರ ಒಯ್ಯುವುದೂ ಅದೇ.

ಮೊಂತಿ ಹಬ್ಬದ ಮೇಜು

ನಮ್ಮ ಹಿರಿಯರು ಜೊತೆಯಾಗಿ ಉಣ್ಣುವುದನ್ನು ಒಂದು ಹಬ್ಬವನ್ನಾಗಿಯೇ ಮಾಡಿದ್ದರು. ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನ್ಮದಿನ. ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ, ಪ್ರಾರ್ಥಿಸಿ, ಎಲ್ಲರೂ ಸೇವಿಸಿದ ಮೇಲೆಯೇ ತರಕಾರಿ ಊಟ. ಪರದೇಶದಲ್ಲಿರುವ ಮಗನಿಗೆ, ಮಗಳಿಗೆ ತೆನೆಯ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇದೆ. ಇಲ್ಲದವರನ್ನೂ ಮರೆಯದ ಊಟ ಅದು. ಇರುವವರನ್ನೇ ಮರೆಯುವ ಊಟ ನಮ್ಮದಾಗಬಾರದು.

ಮಾಡಿ ನೋಡಬಹುದಾದವು

1. ದಿನಕ್ಕೆ ಒಂದು ಹೊತ್ತಿನ ಊಟವನ್ನಾದರೂ ಎಲ್ಲರೂ ಸೇರಿ ಮಾಡಿರಿ. ಟಿ.ವಿ. ಆರಿಸಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಡಿರಿ. ಗಂಜಿ ಚಟ್ನಿಯಾದರೂ ಸಾಕು. ಮನೆಯಲ್ಲಿ ಮಾತನಾಡದವರಿಗೆ ಹೋಟೆಲಿನಲ್ಲಿ ಮಾತು ಹೊಳೆಯುವುದಿಲ್ಲ.

2. ತಂದೆ ಗಲ್ಫಿನಲ್ಲಿದ್ದರೆ ಗೊತ್ತಾದ ಹೊತ್ತಿಗೆ ಕರೆ ಮಾಡಿರಿ. ಇಲ್ಲಿ ರಾತ್ರಿ ಎಂಟೂವರೆಯಾದಾಗ ದುಬೈಯಲ್ಲಿ ಏಳು ಗಂಟೆ. ಜಪಸರದ ಒಂದು ದಶಕವನ್ನು ಅವರೇ ಹೇಳಿಸಲಿ. ‘ಊಟವಾಯಿತೇ?’ ಎಂಬುದರ ಜೊತೆಗೆ ‘ಇವತ್ತು ಶಾಲೆಯಲ್ಲಿ ಯಾರ ಪಕ್ಕ ಕುಳಿತೆ?’ ಎಂದೂ ಕೇಳಲಿ.

3. ಹೋಟೆಲಿಗೆ ಹೋಗುವ ಮೊದಲು ಎಷ್ಟು ಖರ್ಚು ಮಾಡುವುದೆಂದು ಗಂಡಹೆಂಡತಿ ಒಟ್ಟಿಗೆ ನಿರ್ಧರಿಸಿರಿ. ಬಿಲ್ಲು ಬಂದ ಮೇಲಿನ ಸಿಡುಕು ಉಂಡ ರುಚಿಯನ್ನೆಲ್ಲ ಕೆಡಿಸುತ್ತದೆ.

4. ಅಜ್ಜ ಅಜ್ಜಿಯನ್ನು ಮನೆ ಕಾಯಲು ಬಿಟ್ಟುಹೋಗಬೇಡಿರಿ. ಅವರಿಗೆ ಅಗಿಯಲು ಆಗುವಂಥದ್ದನ್ನು ಕೇಳಿ ತರಿಸಿರಿ. ಬಡಿಸುವ ಹುಡುಗನಿಗೆ ‘ಥ್ಯಾಂಕ್ಸ್’ ಎಂದು ಮಕ್ಕಳು ನಿಮ್ಮಿಂದಲೇ ಕಲಿಯಲಿ.

5. ರಜೆಯ ತಿಂಗಳಿನಲ್ಲಿ ವಾರಕ್ಕೆ ಎರಡು ದಿನವಾದರೂ ಎಲ್ಲಿಗೂ ಹೋಗದೆ ಮನೆಯಲ್ಲಿರಿ.

ಮನೆಯಲ್ಲಿ ಕೂತು ಮಾತನಾಡಲು

ನಾವೆಲ್ಲರೂ ಸೇರಿ ಕೊನೆಯ ಸಲ ನಿಧಾನವಾಗಿ ಊಟ ಮಾಡಿದ್ದು ಯಾವಾಗ? ನಮ್ಮಲ್ಲಿ ಯಾರ ಮಾತನ್ನು ಈ ವಾರ ಯಾರೂ ಪೂರ್ತಿ ಕೇಳಲಿಲ್ಲ? ಮುಂದಿನ ಪ್ರವಾಸ ಎಲ್ಲಿಗೆಂದು ಆರಿಸುವವರು ಯಾರು, ಆ ಸರದಿ ಎಲ್ಲರಿಗೂ ಬರುತ್ತಿದೆಯೇ?

ಪ್ರಿಯ ಓದುಗರೇ, ಬರುವ ಭಾನುವಾರ ಕಡಲ ತೀರಕ್ಕೆ ಹೊರಟಿದ್ದರೆ ಸಂತೋಷದಿಂದ ಹೋಗಿಬನ್ನಿ. ಗೇಟು ಹಾಕಿ ವಾಹನ ಹತ್ತುವ ಮೊದಲು ಒಂದು ಕ್ಷಣ ನಿಂತು, ಮರಿಯಾ ಮತ್ತು ಜೋಸೆಫ್ ಒಂದು ದಿನದ ದಾರಿ ನಡೆದ ಮೇಲೆ ಮಾಡಿದ್ದನ್ನು ನೀವು ಹೊರಡುವಾಗಲೇ ಮಾಡಿರಿ: ಯಾರು ಯಾರು ಜೊತೆಗಿದ್ದಾರೆಂದು ನೋಡಿಕೊಳ್ಳಿರಿ.